‘ನಿಮ್ಮ ಶಾಲೆ’ಯನ್ನು ‘ನಮ್ಮ ಶಾಲೆ’ಯಾಗಿಸುವ ಬಗೆ

ಪೋಷಕರೊಬ್ಬರು ಶಾಲೆಯ ಬಾಗಿಲಿಗೆ ಬಂದು ಮಾತು ಆರಂಭಿಸಿದಾಗ ಅವರ ಬಾಯಿಂದ ಬರುವ ಮೊದಲ ಪದವನ್ನು ಗಮನವಿಟ್ಟು ಕೇಳಿ. ‘ನಿಮ್ಮ ಶಾಲೆಯಲ್ಲಿ ನನ್ನ ಮಗನಿಗೆ ಓದಲಿಕ್ಕೇ ಬರುತ್ತಿಲ್ಲ ಮೇಷ್ಟ್ರೇ’ ಎನ್ನುವವರು ಶಾಲೆಯೆಂಬುದು ಶಿಕ್ಷಕರಿಗೋ ಸರ್ಕಾರಕ್ಕೋ ಸೇರಿದ್ದು ಎಂದು ತಿಳಿದಿರುತ್ತಾರೆ. ‘ನಮ್ಮ ಶಾಲೆಯ ನಲ್ಲಿ ಸೋರುತ್ತಿದೆಯಲ್ಲ ಮೇಷ್ಟ್ರೇ’ ಎನ್ನುವವರು ಆಗಲೇ ಒಳಗೆ ಬಂದು ಕುಳಿತಿರುತ್ತಾರೆ. ಇಬ್ಬರದೂ ದೂರೇ ಆದರೂ ಎರಡನೆಯ ದೂರಿನಲ್ಲಿ ಅಭಿಮಾನವಿದೆ. ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಬಹಳ ವರ್ಷ ಕೆಲಸ ಮಾಡಿದ ನನಗೆ, ಒಂದು ಶಾಲೆಯ ಆರೋಗ್ಯವನ್ನು ಅಳೆಯಲು ಇದಕ್ಕಿಂತ ನಂಬಿಕೆಯ ಅಳತೆಗೋಲು ಸಿಕ್ಕಿಲ್ಲ.

ಮುಖ್ಯ ಶಿಕ್ಷಕರು, ಸಹಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಒಂದು ಶೈಕ್ಷಣಿಕ ವರ್ಷದೊಳಗೆ ಮಾಡಬಹುದಾದ ಕೆಲಸಗಳನ್ನು ಇಲ್ಲಿ ವಿವರಿಸಿದ್ದೇನೆ. ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಾಗಿಲ್ಲ. ಗೋಡೆಗೆ ಬಣ್ಣ ಬಳಿಸುವುದು, ಮಕ್ಕಳಿಗೆ ಟೈ ಕಟ್ಟಿಸುವುದು, ಖಾಸಗಿ ಶಾಲೆಯ ಮಾದರಿಯಲ್ಲಿ ಫಲಕ ಬರೆಸುವುದು ಇವೆಲ್ಲ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತವೆ, ಆದರೆ ಅವುಗಳಿಂದಲೇ ಯಾರಿಗೂ ಶಾಲೆಯ ಮೇಲೆ ಅಭಿಮಾನ ಹುಟ್ಟಿದ್ದನ್ನು ನಾನು ಕಂಡಿಲ್ಲ. ನಾನು ಒಂದು ದಿನ ಬಾರದಿದ್ದರೆ ಇಲ್ಲಿ ಯಾವುದೋ ಒಂದು ಕೆಲಸ ನಿಂತುಹೋಗುತ್ತದೆ, ಯಾರೋ ಒಬ್ಬರು ನನ್ನ ಹೆಸರು ಹಿಡಿದು ಕೇಳುತ್ತಾರೆ ಎಂದು ಮಗುವಿಗೂ ಅದರ ಮನೆಯವರಿಗೂ ಅನ್ನಿಸಬೇಕು. ಮೊದಲು ಅದು ಆಗಲಿ.

ದಾಖಲಾತಿ ಪುಸ್ತಕದಿಂದ ಆರಂಭಿಸಿ

ಪ್ರತಿಯೊಂದು ಶಾಲೆಯ ಬೀರುವಿನಲ್ಲೂ ಒಂದು ನಿಧಿಯಿರುತ್ತದೆ. ಅದು ದಾಖಲಾತಿ ಪುಸ್ತಕ. ರಟ್ಟು ಹರಿದು, ಅಂಚುಗಳನ್ನು ಗೆದ್ದಲು ತಿಂದು, ಶಾಯಿ ಕಂದು ಬಣ್ಣಕ್ಕೆ ತಿರುಗಿರುವ ಆ ಪುಸ್ತಕವನ್ನು ನಾವು ಟಿ.ಸಿ. ಬರೆಯುವಾಗ ಮಾತ್ರ ತೆರೆಯುತ್ತೇವೆ. ಒಂದು ಶನಿವಾರ ಮಧ್ಯಾಹ್ನ ಅದನ್ನು ಮೇಜಿನ ಮೇಲಿಟ್ಟು ಮೊದಲ ಪುಟದಿಂದ ಓದಿ ನೋಡಿ. ಶಾಲೆ ಆರಂಭವಾದ ವರ್ಷ, ಮೊದಲು ಸೇರಿದ ಮಗು, ಮೊದಲ ಹೆಣ್ಣುಮಗು, ಒಂದೇ ದಿನ ಸೇರಿದ ಅಣ್ಣ ತಮ್ಮಂದಿರು, ಎರಡನೆಯ ತರಗತಿಯಲ್ಲೇ ಬಿಟ್ಟುಹೋದವರ ಸಾಲು ಎಲ್ಲವೂ ಅಲ್ಲಿರುತ್ತವೆ. ಜನ್ಮದಿನಾಂಕದ ಅಂಕಣದಲ್ಲಿ ಒಬ್ಬರಾದ ಮೇಲೊಬ್ಬರಿಗೆ ಜೂನ್ 1 ಎಂದು ಬರೆದಿರುವುದು ಕಾಣುತ್ತದೆ. ಹುಟ್ಟಿದ ದಿನ ಗೊತ್ತಿರದ ಮಗುವನ್ನು ಹೊರಗೆ ಕಳಿಸದೆ, ಅಂದಾಜು ವಯಸ್ಸು ನೋಡಿ ಒಂದು ತಾರೀಖು ಬರೆದು ಸೇರಿಸಿಕೊಂಡ ಆ ಕಾಲದ ಮೇಷ್ಟ್ರ ಕೈಬರಹವದು. ಊರಿನ ಎಷ್ಟೋ ಹಿರಿಯರಿಗೆ ಹುಟ್ಟುಹಬ್ಬ ಕೊಟ್ಟದ್ದೇ ಶಾಲೆ.

ಈ ಪುಸ್ತಕವನ್ನು ಬಳಸುವಾಗ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಇದು ಕಾನೂನಿನ ದಾಖಲೆ, ಆದ್ದರಿಂದ ಮೂಲ ಪ್ರತಿಯನ್ನು ಮಕ್ಕಳ ಕೈಗೆ ಕೊಡಬಾರದು, ಅದರ ಮೇಲೆ ಒಂದು ಗೆರೆಯನ್ನೂ ಎಳೆಯಬಾರದು. ಎರಡನೆಯದು ಇದಕ್ಕಿಂತ ಮುಖ್ಯ. ಅದರಲ್ಲಿ ಜಾತಿಯ ಅಂಕಣವಿರುತ್ತದೆ, ಅದನ್ನು ಯಾವ ಕಾರಣಕ್ಕೂ ಪ್ರದರ್ಶಿಸಬಾರದು. ಪುಟದ ಚಿತ್ರ ತೆಗೆದು ಹಂಚುವ ಆಸೆಯನ್ನು ತಡೆದುಕೊಂಡು, ಹೆಸರು, ಸೇರಿದ ವರ್ಷ, ಊರು ಅಥವಾ ಕೇರಿ ಇಷ್ಟನ್ನೇ ಬೇರೊಂದು ಪುಸ್ತಕಕ್ಕೆ ನೀವೇ ಬರೆದುಕೊಳ್ಳಿ. ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಭಾಗದ ಶಾಲೆಗಳಲ್ಲಿ ಹಳೆಯ ದಾಖಲೆಗಳು ಉರ್ದುವಿನಲ್ಲಿ ಇರಬಹುದು. ಹಾಗಿದ್ದರೆ ಅದು ತೊಡಕೆಂದು ತಿಳಿಯಬೇಡಿ, ಉರ್ದು ಬಲ್ಲ ಹಿರಿಯರೊಬ್ಬರನ್ನು ಮನೆಗೇ ಹೋಗಿ ಕರೆತಂದು, ಕುರ್ಚಿ ಹಾಕಿ ಕೂರಿಸಿ ಓದಿಸಿಕೊಳ್ಳಿ. ಶಾಲೆಯೊಂದಿಗೆ ಅವರ ನಂಟು ಅಲ್ಲಿಂದಲೇ ಶುರುವಾಗುತ್ತದೆ.

ಮುಂದಿನ ಕೆಲಸ ಐದರಿಂದ ಏಳನೆಯ ತರಗತಿಯ ಮಕ್ಕಳದು. ಪ್ರತಿ ಮಗುವಿಗೂ ಪಟ್ಟಿಯಿಂದ ಒಂದು ಹೆಸರು ಕೊಡಿ. ಆ ವ್ಯಕ್ತಿ ಈಗ ಎಲ್ಲಿದ್ದಾರೆ, ಅವರ ಕಾಲದಲ್ಲಿ ತರಗತಿ ಎಲ್ಲಿ ನಡೆಯುತ್ತಿತ್ತು, ಸ್ಲೇಟನ್ನು ಯಾವ ಸೊಪ್ಪಿನಿಂದ ಒರೆಸುತ್ತಿದ್ದರು, ಯಾವ ಮೇಷ್ಟ್ರಿಗೆ ಹೆದರುತ್ತಿದ್ದರು, ಶಾಲೆ ಬಿಟ್ಟದ್ದು ಏಕೆ ಎಂಬ ನಾಲ್ಕೈದು ಪ್ರಶ್ನೆಗಳನ್ನು ಕೇಳಿ ಒಂದು ಪುಟ ಬರೆದು ತರಲಿ. ಹೀಗೆ ಮಾಡಿಸಿದ ವರ್ಷ ಐದನೆಯ ತರಗತಿಯ ಒಬ್ಬ ಹುಡುಗಿ ತನ್ನ ಅಜ್ಜಿಯ ಹೆಸರನ್ನೇ ಪಟ್ಟಿಯಲ್ಲಿ ಕಂಡಳು. ಮನೆಯಲ್ಲಿ ಎಲ್ಲರೂ ಅಜ್ಜಿ ಶಾಲೆಗೆ ಹೋದವಳೇ ಅಲ್ಲ ಎಂದು ತಿಳಿದಿದ್ದರು. ಮೂರನೆಯ ತರಗತಿಯವರೆಗೆ ಓದಿ, ತಮ್ಮನನ್ನು ನೋಡಿಕೊಳ್ಳಲು ಬಿಟ್ಟವರಂತೆ. ಮರುವಾರ ಆ ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದು, ಪುಸ್ತಕದಲ್ಲಿದ್ದ ತಮ್ಮ ಹೆಸರಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿದ ಮೇಲೆ ಸೆರಗಿನಿಂದ ಆ ಪುಟವನ್ನು ಮೆಲ್ಲನೆ ಒರೆಸಿ ಮುಚ್ಚಿಟ್ಟರು. ಆಮೇಲೆ ಆ ಮನೆಯಿಂದ ನನಗೆ ಕೇಳಿದ್ದು ‘ನಮ್ಮ ಶಾಲೆ’ ಎಂಬ ಮಾತೊಂದೇ.

ಹೆಸರು, ಮಾತು, ಸಾಲು

ತನ್ನದೆಂಬ ಭಾವ ಮಗುವಿಗೆ ಬರುವುದು ಮೊದಲು ಕಿವಿಯಿಂದ. ಹಾಜರಿ ಕರೆಯುವಾಗ ಕ್ರಮಸಂಖ್ಯೆ ಬಿಟ್ಟು ಹೆಸರು ಕರೆಯಿರಿ, ಮನೆಯಲ್ಲಿ ಕರೆಯುವ ಹಾಗೆಯೇ ಉಚ್ಚರಿಸಿ. ಕಬ್ಬು ಕಡಿಯಲೋ ತೋಟದ ಕೆಲಸಕ್ಕೋ ಇಟ್ಟಿಗೆ ಗೂಡಿಗೋ ಬಂದ ಕುಟುಂಬದ ಮಗು ವರ್ಷದ ನಡುವೆ ಸೇರಿದಾಗ, ಅದನ್ನು ಕೊನೆಯ ಸಾಲಿನಲ್ಲಿ ಕೂರಿಸಿ ಸುಮ್ಮನಾಗುವುದು ನಮ್ಮಲ್ಲಿ ಬಹಳ ಕಡೆ ರೂಢಿಯಾಗಿದೆ, ‘ಹೇಗೂ ನಾಲ್ಕು ತಿಂಗಳಿಗೆ ಹೋಗುವ ಮಗು’ ಎಂಬ ಮಾತೂ ಜೊತೆಗೆ ಬರುತ್ತದೆ. ನಾಲ್ಕು ತಿಂಗಳು ಒಂದು ಮಗುವಿನ ಬದುಕಿನಲ್ಲಿ ಚಿಕ್ಕ ಅವಧಿಯಲ್ಲ. ಆ ಮಗುವಿಗೆ ಮೊದಲ ದಿನವೇ ಒಬ್ಬ ಜೊತೆಗಾರನನ್ನೋ ಜೊತೆಗಾತಿಯನ್ನೋ ಗೊತ್ತುಮಾಡಿ. ನೀರು ಎಲ್ಲಿದೆ, ಶೌಚಾಲಯ ಎಲ್ಲಿದೆ, ತಟ್ಟೆ ಎಲ್ಲಿಡುತ್ತಾರೆ ಎಂದು ತೋರಿಸುವುದಷ್ಟೇ ಆ ಜೊತೆಗಾರರ ಕೆಲಸ. ಒಂದು ವಾರದೊಳಗೆ ಹೊಸ ಮಗುವಿಗೂ ಒಂದು ಜವಾಬ್ದಾರಿ ಕೊಡಿ, ಗಂಟೆ ಬಾರಿಸುವುದಾದರೂ ಆದೀತು.

ಮನೆಮಾತು ಬೇರೆಯಿರುವ ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕನ್ನಡ ಶಾಲೆಯಲ್ಲಿ ಕನ್ನಡ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗು ತನ್ನ ಮನೆಯ ಮಾತನ್ನು ಗೇಟಿನ ಹೊರಗೆ ಬಿಟ್ಟು ಬರಬೇಕಾದ ಶಾಲೆಯನ್ನು ಅದು ತನ್ನದೆಂದು ಹೇಗೆ ಭಾವಿಸೀತು? ಗೋಡೆಯ ಮೇಲೆ ಪದಗಳ ಒಂದು ಪಟ್ಟಿ ಬರೆಸಿ. ಕರಾವಳಿಯ ಶಾಲೆಯಾದರೆ ‘ಮಳೆ’ ಎಂಬುದರ ಪಕ್ಕದಲ್ಲಿ ತುಳುವಿನ ‘ಬರ್ಸ’, ಕೊಂಕಣಿಯ ‘ಪಾವ್ಸು’, ಉರ್ದುವಿನ ‘ಬಾರಿಶ್’ ಇರಲಿ. ತಾಂಡಾದ ಮಕ್ಕಳಿರುವಲ್ಲಿ ಲಂಬಾಣಿ ಪದಗಳನ್ನು ಆ ಮಕ್ಕಳೇ ಹೇಳಿ ಬರೆಸಲಿ. ತನ್ನ ತಾಯಿಯ ಬಾಯಿಂದ ಬರುವ ಪದ ಶಾಲೆಯ ಗೋಡೆಯಲ್ಲಿ ಅಚ್ಚುಕಟ್ಟಾಗಿ ಬರೆದಿರುವುದನ್ನು ಕಂಡ ಮಗು ಕನ್ನಡ ಕಲಿಯಲು ಹಿಂಜರಿಯುವುದಿಲ್ಲ.

ಬೆಳಗಿನ ಪ್ರಾರ್ಥನಾ ಸಭೆಯನ್ನು ನೋಡಿದರೆ ಒಂದು ಶಾಲೆಯಲ್ಲಿ ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ನಾಡಗೀತೆ ಹೇಳಿಕೊಡುವವರು, ಸಂವಿಧಾನದ ಪೀಠಿಕೆ ಓದುವವರು, ದಿನಪತ್ರಿಕೆಯ ಸುದ್ದಿ ಓದುವವರು, ಗಾದೆ ಹೇಳುವವರು ವರ್ಷವಿಡೀ ಅದೇ ನಾಲ್ಕು ಮಕ್ಕಳಾಗಿದ್ದರೆ ಉಳಿದವರು ಪ್ರೇಕ್ಷಕರಾಗಿ ಉಳಿಯುತ್ತಾರೆ. ಹಾಜರಿ ಪುಸ್ತಕದ ಕ್ರಮದಲ್ಲಿ ಸರದಿ ಹಾಕಿ, ಯಾರನ್ನೂ ಬಿಡಬೇಡಿ. ತೊದಲುವ ಮಗು ಒಂದೇ ವಾಕ್ಯ ಓದಲಿ, ಓದಲು ಬಾರದ ಮಗು ಇಂದಿನ ವಾರ, ತಾರೀಖು ಹೇಳಲಿ. ಆರಂಭದಲ್ಲಿ ಸಭೆ ನಿಧಾನವಾಗುತ್ತದೆ, ಅತಿಥಿಗಳ ಎದುರು ಅಚ್ಚುಕಟ್ಟಾಗಿ ಕಾಣುವುದಿಲ್ಲ. ಅದನ್ನು ಸಹಿಸಿಕೊಳ್ಳಿ.

ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸ್ವಾತಂತ್ರ್ಯ ದಿನಾಚರಣೆಯಂದು, ಫೋಟೋ ಚೆನ್ನಾಗಿ ಬರಲೆಂದು, ಸಮವಸ್ತ್ರ ಮಾಸಿದ್ದ ಹುಡುಗನೊಬ್ಬನನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ಕಳಿಸಿದೆ. ಅವನು ಏನೂ ಹೇಳದೆ ಹೋಗಿ ನಿಂತ. ಮರುದಿನ ಬರಲಿಲ್ಲ, ಆ ವಾರವೂ ಬರಲಿಲ್ಲ. ಮನೆಗೆ ಹೋದಾಗ ಅವನ ತಾಯಿ, ‘ಇದ್ದದ್ದು ಒಂದೇ ಜೊತೆ, ಹಿಂದಿನ ದಿನ ಒಗೆದು ಹಾಕಿದ್ದೆ, ಮಳೆಯಲ್ಲಿ ಒಣಗಲಿಲ್ಲ. ಹಾಗೇ ಹಸಿಯಲ್ಲೇ ಹಾಕಿಕೊಂಡು ಬಂದ, ದಾರಿಯಲ್ಲಿ ಕೆಸರಾಯಿತು’ ಎಂದರು. ನಾನು ಕ್ಷಮೆ ಕೇಳಿದೆ, ಹುಡುಗ ಮತ್ತೆ ಬಂದ. ಆದರೆ ಫೋಟೋ ತೆಗೆಯುವಾಗಲೆಲ್ಲ ಅವನು ತಾನಾಗಿಯೇ ಹಿಂದಿನ ಸಾಲಿಗೆ ಹೋಗುವುದು ಏಳನೆಯ ತರಗತಿ ಮುಗಿಯುವವರೆಗೂ ನಿಲ್ಲಲಿಲ್ಲ. ಮಗುವನ್ನು ಹೊರಗಿಡಲು ಒಂದು ಗಳಿಗೆ ಸಾಕು ಎಂಬುದನ್ನು ನಾನು ಕಲಿತದ್ದು ಹೀಗೆ. ಶಾಲೆಯಲ್ಲಿ ಒಂದೆರಡು ಜೊತೆ ಒಗೆದ ಸಮವಸ್ತ್ರಗಳನ್ನು ಬೀರುವಿನಲ್ಲಿಡುವ ವ್ಯವಸ್ಥೆಯನ್ನು ಆಮೇಲೆ ಹೋದ ಪ್ರತಿ ಶಾಲೆಯಲ್ಲೂ ಮಾಡಿದ್ದೇನೆ, ನೀವೂ ಮಾಡಿ.

ಊಟದ ಸಾಲಿನಲ್ಲಿ

ಕರ್ನಾಟಕದಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುವ ಅಕ್ಷರ ದಾಸೋಹ 2001-02ರ ಸಾಲಿನಲ್ಲಿ ಆರಂಭವಾಯಿತು, ಹಾಲು ಕೊಡುವ ಕ್ಷೀರಭಾಗ್ಯ 2013ರ ಆಗಸ್ಟಿನಲ್ಲಿ ಬಂದಿತು. ಇವುಗಳನ್ನು ಪೌಷ್ಟಿಕತೆಯ ಯೋಜನೆಗಳೆಂದೇ ನಾವು ಮಾತಾಡುತ್ತೇವೆ. ನನ್ನ ಮಟ್ಟಿಗೆ, ಒಂದು ಊರಿನ ಎಲ್ಲ ಕೇರಿಗಳ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುವ ಜಾಗ ಶಾಲೆಯ ಜಗುಲಿಯಂತೆ ಇನ್ನೊಂದಿಲ್ಲ. ಆದ್ದರಿಂದ ಆ ಅರ್ಧ ಗಂಟೆಯನ್ನು ಶಿಕ್ಷಕರು ಸಿಬ್ಬಂದಿ ಕೊಠಡಿಯಲ್ಲಿ ಕಳೆಯಬಾರದು. ಸಾಲು ತಾನಾಗಿಯೇ ಕೇರಿಯ ಪ್ರಕಾರ ಒಡೆಯುತ್ತಿದೆಯೇ ಎಂದು ನೋಡಿ, ಒಡೆಯುತ್ತಿದ್ದರೆ ಬೈಯದೆ, ತರಗತಿಯ ಪ್ರಕಾರವೋ ಹುಟ್ಟಿದ ತಿಂಗಳ ಪ್ರಕಾರವೋ ಕೂರಿಸುವ ಪದ್ಧತಿ ತನ್ನಿ. ನೀವೂ ಅದೇ ಸಾಲಿನಲ್ಲಿ ಕುಳಿತು ಉಣ್ಣಿ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿ ಬರೆಯುವ ಪುಸ್ತಕವಿದೆಯಲ್ಲ, ತಾಯಂದಿರನ್ನೂ ಸರದಿಯ ಮೇಲೆ ಕರೆದು ರುಚಿ ನೋಡಿಸಿ, ಅವರ ಅಭಿಪ್ರಾಯವನ್ನು ಅದರಲ್ಲಿ ಅವರ ಮಾತಿನಲ್ಲೇ ಬರೆಯಿಸಿ. ಅಡುಗೆಯವರನ್ನು ಮಕ್ಕಳು ಅಕ್ಕ, ಅಮ್ಮ ಎಂದು ಕರೆಯಲಿ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಅವರಿಗೂ ಕುರ್ಚಿ ಇರಲಿ, ಅವರ ಹೆಸರೂ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಲಿ.

ಶ್ರಮದಾನದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಗ್ರಂಥಾಲಯದ ಪುಸ್ತಕ ಜೋಡಿಸುವುದು ಮಕ್ಕಳಿಗೆ ಶಾಲೆಯನ್ನು ಹತ್ತಿರ ಮಾಡುವ ಕೆಲಸಗಳೇ ಸರಿ. ಆದರೆ ಪೊರಕೆ ಯಾವಾಗಲೂ ಹೆಣ್ಣುಮಕ್ಕಳ ಕೈಗೋ, ಯಾವುದೋ ಒಂದು ಕೇರಿಯ ಮಕ್ಕಳ ಕೈಗೋ ಹೋಗುತ್ತಿದ್ದರೆ ಅದೇ ಕೆಲಸ ಅವಮಾನವಾಗುತ್ತದೆ. ಶೌಚಾಲಯವನ್ನು ಮಕ್ಕಳಿಂದ ಶುಚಿ ಮಾಡಿಸುವುದು ಎಂದಿಗೂ ಸಲ್ಲದು. ಸರದಿ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಅದರಲ್ಲಿ ಶಿಕ್ಷಕರ ಹೆಸರನ್ನೂ ಸೇರಿಸಿ, ನಿಮ್ಮ ದಿನ ಬಂದಾಗ ನೀವೇ ಪೊರಕೆ ಹಿಡಿಯಿರಿ.

ಪೋಷಕರ ಸಭೆ ಮತ್ತು ಎಸ್‌ಡಿಎಂಸಿ

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಕರ್ನಾಟಕದಲ್ಲಿ ಆ ಕಾಯ್ದೆಗೂ ಮೊದಲೇ ಎಸ್‌ಡಿಎಂಸಿಗಳು ಇದ್ದವು. ಅಂದರೆ ‘ನಮ್ಮ ಶಾಲೆ’ ಎನ್ನುವ ಹಕ್ಕನ್ನು ಕಾನೂನು ಆಗಲೇ ಕೊಟ್ಟಿದೆ, ಅದನ್ನು ಅನುಭವಕ್ಕೆ ತರಬೇಕಾದವರು ನಾವು. ಕೂಲಿಗೆ ಹೋಗುವ ತಾಯಿಗೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದು, ‘ಪೋಷಕರಿಗೆ ಆಸಕ್ತಿಯೇ ಇಲ್ಲ’ ಎಂದು ನಡಾವಳಿಯಲ್ಲಿ ಬರೆಯುವುದು ಅನ್ಯಾಯ. ಸಂತೆಯ ದಿನ, ಕೊಯ್ಲಿನ ದಿನಗಳನ್ನು ಬಿಟ್ಟು, ಸಂಜೆ ಕೆಲಸದಿಂದ ಮರಳುವ ಹೊತ್ತಿಗೆ ಸಭೆ ಇಡಿ. ಎಲ್ಲರೂ ಒಂದೇ ಮಟ್ಟದಲ್ಲಿ ಕೂರಬೇಕು, ಶಿಕ್ಷಕರಿಗೆ ಕುರ್ಚಿ, ಪೋಷಕರಿಗೆ ಜಮಖಾನೆ ಎಂಬ ಏರ್ಪಾಡು ಬೇಡ. ಮಹಿಳಾ ಸದಸ್ಯರ ಬದಲು ಅವರ ಗಂಡಂದಿರು ಬಂದು ಸಹಿ ಹಾಕಲು ಮುಂದಾದರೆ ಮರ್ಯಾದೆಯಿಂದಲೇ ತಡೆದು, ‘ಅಕ್ಕನವರನ್ನೇ ಕಳಿಸಿಕೊಡಿ ಅಣ್ಣ, ನಾವು ಕಾಯುತ್ತೇವೆ’ ಎಂದು ಹೇಳಿ, ನಿಜವಾಗಿಯೂ ಕಾಯಿರಿ.

ಪ್ರತಿ ಪೋಷಕರಿಗೂ ಅವರ ಮಗುವಿನ ಬಗ್ಗೆ ಒಂದು ಒಳ್ಳೆಯ ಮಾತನ್ನು ನಿಖರವಾಗಿ ಹೇಳಲು ಸಿದ್ಧರಾಗಿ ಬನ್ನಿ. ‘ಪರವಾಗಿಲ್ಲ, ಚುರುಕಾಗಿದ್ದಾನೆ’ ಎಂಬುದು ಎಲ್ಲರಿಗೂ ಹೊಂದುವ ಮಾತು. ‘ಮೊನ್ನೆ ಒಂದನೆಯ ತರಗತಿಯ ಮಗು ಬಿದ್ದಾಗ ಎತ್ತಿಕೊಂಡು ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದವನು ನಿಮ್ಮ ಮಗ’ ಎಂಬುದು ಒಬ್ಬನಿಗೇ ಸೇರಿದ ಮಾತು. ಇದಕ್ಕಾಗಿ ಒಂದು ಚಿಕ್ಕ ಪುಸ್ತಕವಿಟ್ಟು, ದಿನಕ್ಕೆ ಎರಡು ಮಕ್ಕಳ ಬಗ್ಗೆ ಒಂದೊಂದು ಸಾಲು ಬರೆಯುತ್ತಾ ಹೋದರೆ ತಿಂಗಳೆರಡರಲ್ಲಿ ಒಂದು ಚಿಕ್ಕ ಶಾಲೆ ಪೂರ್ತಿಯಾಗುತ್ತದೆ. ಮಗುವಿನ ಕಲಿಕೆಯ ಕೊರತೆಯನ್ನು ಮುಚ್ಚಿಡಬೇಕಿಲ್ಲ, ಆದರೆ ಅದನ್ನು ಹತ್ತು ಜನರ ಎದುರು ಹೇಳಬೇಡಿ.

ಖರ್ಚು ವೆಚ್ಚವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಕಪ್ಪುಹಲಗೆಯ ಮೇಲೆ ಅಂಕಿಗಳನ್ನು ಬರೆಯಿರಿ. ಬಂದ ಅನುದಾನ ಎಷ್ಟು, ಸುಣ್ಣಕ್ಕೆ ಎಷ್ಟು, ಬೀಗಕ್ಕೆ ಎಷ್ಟು ಎಂದು ತಿಳಿದವರು ಮಾತ್ರ ಆ ಬೀಗದ ಮೇಲೆ ಕಾಳಜಿ ಇಡುತ್ತಾರೆ. ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗೂ ಮಕ್ಕಳನ್ನು ಕೇವಲ ಕೂರಿಸಲು ಕರೆದೊಯ್ಯಬೇಡಿ. ಒಂದು ವಾರ ಮೊದಲು ಮಕ್ಕಳೇ ಶಾಲೆಯ ಸುತ್ತ ನಡೆದು, ಮುರಿದ ಕಾಂಪೌಂಡ್, ಹರಿಯದ ಚರಂಡಿ, ದೀಪವಿಲ್ಲದ ದಾರಿಯ ಪಟ್ಟಿ ಮಾಡಿ, ತಮ್ಮ ಬಾಯಿಂದಲೇ ಕೇಳಲಿ, ಮುಂದಿನ ವರ್ಷ ಅದೇ ಪಟ್ಟಿಯನ್ನು ಹಿಡಿದು ಏನಾಯಿತೆಂದು ಮತ್ತೆ ಕೇಳಲಿ.

ಹಳೆಯ ವಿದ್ಯಾರ್ಥಿಗಳನ್ನು ಕರೆಯುವ ಕ್ರಮ

ಹಳೆಯ ವಿದ್ಯಾರ್ಥಿಗಳ ಸಂಘವೆಂದರೆ ನಮ್ಮಲ್ಲಿ ಮೊದಲು ರಸೀದಿ ಪುಸ್ತಕ ಹೊರಬರುತ್ತದೆ. ಈ ಕ್ರಮವನ್ನು ತಿರುಗಿಸಬೇಕು. ಮೊದಲ ವರ್ಷ ಹಣ ಕೇಳಲೇಬೇಡಿ, ಸಮಯ ಕೇಳಿ. ಬೆಂಗಳೂರಿನಲ್ಲಿ ಚಾಲಕರಾಗಿರುವವರು, ಊರಲ್ಲೇ ಟೈಲರಿಂಗ್ ಮಾಡುವವರು, ಆಶಾ ಕಾರ್ಯಕರ್ತೆ, ಸೈನ್ಯದಿಂದ ನಿವೃತ್ತರಾದವರು, ಹೈನುಗಾರರು, ಇವರಲ್ಲಿ ಒಬ್ಬೊಬ್ಬರು ಒಂದೊಂದು ಗಂಟೆ ಬಂದು ತಮ್ಮ ಕೆಲಸದ ಬಗ್ಗೆ ಮಕ್ಕಳೊಡನೆ ಮಾತಾಡಲಿ. ದೊಡ್ಡ ಹುದ್ದೆಗೆ ಹೋದವರನ್ನು ಮಾತ್ರ ಕರೆದರೆ ಉಳಿದವರೆಲ್ಲ ಸೋತವರೆಂಬ ಅರ್ಥ ಬರುತ್ತದೆ.

ಆಮೇಲೆ ಯಾರಾದರೂ ದೇಣಿಗೆ ಕೊಡಲು ಮುಂದೆ ಬಂದರೆ, ಸಮಿತಿಯ ಖಾತೆಯ ಮೂಲಕವೇ ಪಡೆದು, ರಸೀದಿ ಕೊಟ್ಟು, ಒಂದು ಪುಸ್ತಕದಲ್ಲಿ ಬರೆದಿಡಿ. ಫ್ಯಾನಿನ ರೆಕ್ಕೆಯ ಮೇಲೂ ತಟ್ಟೆಯ ಅಂಚಿನ ಮೇಲೂ ದಾನಿಗಳ ಹೆಸರು ಬರೆಸುವುದನ್ನು ನಾನು ಒಪ್ಪುವುದಿಲ್ಲ. ದಿನವೂ ಇನ್ನೊಬ್ಬರ ಹೆಸರಿನ ತಟ್ಟೆಯಲ್ಲಿ ಉಣ್ಣುವ ಮಗುವಿನ ಮನಸ್ಸಿನಲ್ಲಿ ಹಂಗು ಬೆಳೆಯುತ್ತದೆ, ಅಭಿಮಾನ ಬೆಳೆಯುವುದಿಲ್ಲ.

ಕೊಡುವುದೆಂದರೆ ಏನೆಂಬುದಕ್ಕೆ ನಮ್ಮ ನಾಡಿನಲ್ಲೇ ಹರೇಕಳ ಹಾಜಬ್ಬ ಅವರಿದ್ದಾರೆ. ಶಾಲೆಯ ಮೆಟ್ಟಿಲು ಹತ್ತದ ಅವರು ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದರು. ವಿದೇಶೀಯರೊಬ್ಬರು ಹಣ್ಣಿನ ಬೆಲೆ ಕೇಳಿದಾಗ ಭಾಷೆ ತಿಳಿಯದೆ ಉತ್ತರಿಸಲಾಗದ ನೋವು ಅವರಿಗೆ ತಮ್ಮೂರಿನ ಮಕ್ಕಳ ಚಿಂತೆಯಾಯಿತು, ನ್ಯೂಪಡ್ಪುವಿನಲ್ಲಿ ಶಾಲೆ ಎದ್ದು ನಿಲ್ಲಲು ತಮ್ಮ ದುಡಿಮೆಯನ್ನೇ ಸುರಿದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂದದ್ದು ಎಲ್ಲರಿಗೂ ಗೊತ್ತು. ಆ ಶಾಲೆಯ ಅಂಗಳವನ್ನು ಅವರೇ ಗುಡಿಸುತ್ತಿದ್ದರು ಎಂಬುದನ್ನು ಮಕ್ಕಳಿಗೆ ಪ್ರಶಸ್ತಿಗಿಂತ ಮೊದಲು ಹೇಳಿ.

ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳ ಬಗ್ಗೆ ಒಂದು ಮಾತು. ಕ್ಲಸ್ಟರ್ ಮಟ್ಟಕ್ಕೆ ಹೋಗುವುದು ಗೆದ್ದವರು ಮಾತ್ರ. ಆದ್ದರಿಂದ ಶಾಲಾ ಹಂತದಲ್ಲಿ ಪ್ರತಿಯೊಂದು ಮಗುವೂ ಯಾವುದಾದರೊಂದರಲ್ಲಿ ವೇದಿಕೆ ಹತ್ತುವಂತೆ ನೋಡಿಕೊಳ್ಳಿ, ಗೆದ್ದು ಬಂದ ಮಗುವನ್ನು ಊರು ಸ್ವಾಗತಿಸುವಾಗ ಅದಕ್ಕೆ ಹಾಡು ಕಲಿಸಿದ ಅಜ್ಜಿಯನ್ನೋ, ತಾಳ ಹಾಕಿದ ಗೆಳೆಯನನ್ನೋ ಜೊತೆಯಲ್ಲಿ ನಿಲ್ಲಿಸಿ.

ಶಿಕ್ಷಕರು ಹೋದ ಮೇಲೂ ಉಳಿಯಬೇಕಾದದ್ದು

ಒಳ್ಳೆಯ ಮುಖ್ಯ ಶಿಕ್ಷಕರಿಗೆ ವರ್ಗಾವಣೆಯಾದ ಆರು ತಿಂಗಳಿಗೆ ಶಾಲೆ ಮೊದಲಿನಂತಾದರೆ, ಅಲ್ಲಿ ಬೆಳೆದದ್ದು ಆ ಶಿಕ್ಷಕರ ಮೇಲಿನ ಅಭಿಮಾನ ಮಾತ್ರ ಎಂದು ತಿಳಿಯಬೇಕು. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತು ಇಡೀ ರಾಜ್ಯಕ್ಕೆ ಹಬ್ಬಲು ಒಂದು ಕಾರಣ, ಅಲ್ಲಿನ ಶಿಕ್ಷಕರೇ ಒಟ್ಟಿಗೆ ಕುಳಿತು ಕಲಿಕಾ ಕಾರ್ಡುಗಳನ್ನು ರೂಪಿಸಿದ್ದು. ಅದು ಒಬ್ಬರ ಆಸ್ತಿಯಾಗಿ ಉಳಿಯಲಿಲ್ಲ. ಹಾಗೆಯೇ ನಿಮ್ಮ ಶಾಲೆಯ ಪ್ರತಿ ರೂಢಿಯನ್ನೂ ನಡೆಸುವವರು ನಿಮ್ಮ ಹೊರತಾಗಿ ಇಬ್ಬರಾದರೂ ಇರಲಿ. ಪ್ರಾರ್ಥನಾ ಸಭೆಯ ಸರದಿಯನ್ನು ಶಾಲಾ ಸಂಸತ್ತಿನ ಮಕ್ಕಳು, ರುಚಿ ಪುಸ್ತಕವನ್ನು ತಾಯಂದಿರು, ಹಿರಿಯರ ಸಂದರ್ಶನದ ಪುಸ್ತಕವನ್ನು ಹಳೆಯ ವಿದ್ಯಾರ್ಥಿಗಳು ನೋಡಿಕೊಳ್ಳಲಿ. ನೀವು ರಜೆಯಲ್ಲಿದ್ದ ವಾರ ಇವೆಲ್ಲ ನಡೆದವೇ ಎಂದು ವಿಚಾರಿಸಿ.

ಗಿಡಗಳ ಹಸ್ತಾಂತರವನ್ನು ಮಾತ್ರ ಏಪ್ರಿಲ್‌ವರೆಗೆ ತಡೆದಿಡಿ. ಶಾಲೆಗೆ ಸೇರಿದ ವರ್ಷ ಪ್ರತಿ ಮಗುವೂ ಒಂದು ಗಿಡವನ್ನು ತನ್ನದಾಗಿಸಿಕೊಂಡಿದ್ದರೆ, ಏಳನೆಯ ತರಗತಿ ಮುಗಿಸುವ ಹೊತ್ತಿಗೆ ಅದು ತಲೆಗಿಂತ ಎತ್ತರ ಬೆಳೆದಿರುತ್ತದೆ. ಬೀಳ್ಕೊಡುಗೆಯ ದಿನ ಭಾಷಣಗಳನ್ನು ಕಡಿಮೆ ಮಾಡಿ, ಹೋಗುವ ಮಗು ತನ್ನ ಗಿಡವನ್ನು ಒಂದನೆಯ ಅಥವಾ ಎರಡನೆಯ ತರಗತಿಯ ಒಂದು ಮಗುವಿಗೆ ಒಪ್ಪಿಸಲಿ, ಬೇಸಿಗೆ ರಜೆಯಲ್ಲಿ ನೀರು ಹಾಕಲು ಶಾಲೆಯ ಪಕ್ಕದ ಮನೆಯವರನ್ನೂ ಆಗಲೇ ಕರೆದು ಪರಿಚಯ ಮಾಡಿಸಿ. ಒಂದು ವರ್ಷ, ಹೊಂಗೆಯ ಗಿಡದ ಕೆಳಗೆ ನಿಂತು ದೊಡ್ಡ ಹುಡುಗಿಯೊಬ್ಬಳು ಪುಟ್ಟವನಿಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ: ‘ಬುಡಕ್ಕೆ ಹುಯ್ಯಬೇಡ, ಸುತ್ತ ಪಾತಿಗೆ ಹುಯ್ಯಿ. ದಿನಾ ಎರಡು ಚೊಂಬು. ಆ ಕೊಂಬೆ ಮುರಿದದ್ದು ಕರುವಿನಿಂದ, ನನ್ನಿಂದ ಅಲ್ಲ. ನಾನು ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡುತ್ತಿರುತ್ತೇನೆ.’ ಪುಟ್ಟವನು ತಲೆಯಾಡಿಸಿ, ಕೈಯಲ್ಲಿದ್ದ ಚೊಂಬನ್ನು ತುಂಬಿಸಿಕೊಂಡು ಬರಲು ನಲ್ಲಿಯ ಕಡೆ ಓಡಿದ.